ಬುತ್ತಿಯಲ್ಲಿ ಒಂದು ಪಾಕೆಟ್ ಕಮ್ಮಿ

ಈ ಸಲ ಸಂಪಾದಕೀಯಕ್ಕೆ ಬೇರೆ ವಿಷಯ ಇತ್ತು. ಆದರೆ ಸಂಜೆ ಸ್ಕೀ ರಜೆಗೆ ಫಿನ್‌ಲ್ಯಾಂಡ್‌ನ ಉತ್ತರಕ್ಕಿರುವ ಲ್ಯಾಪ್‌ಲ್ಯಾಂಡ್‌ಗೆ ಹೊರಡಲು ಪೆಟ್ಟಿಗೆ ತುಂಬುವಾಗ ಮಗಳು ಕೇಳಿದಳು: "ಅಮ್ಮಾ, ಲ್ಯಾಪ್‌ಲ್ಯಾಂಡ್‌ಗೆ ಹೋದ್ರೂ ಪುಳಿಯೋಗರೇನಾ?"

ನಮ್ಮಲ್ಲಿ ಯಾರ ಪೆಟ್ಟಿಗೆ ತೆಗೆದರೂ ಇದೇ ಕಥೆ, ಅಲ್ವಾ? ಉಣ್ಣೆ ಕಾಲುಚೀಲದ ಮಧ್ಯೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ. ಹೆಲ್ಸಿಂಕಿಯಿಂದ ರಾತ್ರಿ ರೈಲಿನಲ್ಲಿ ರೊವಾನಿಯೆಮಿಗೆ ಹೋಗಿ, ನಾಯಿಗಾಡಿ ಹತ್ತಿಳಿದು, ಕ್ಯಾಬಿನ್‌ಗೆ ಬಂದು ಪುಳಿಯೋಗರೆ ತಿಂದು ಮಲಗೋದು. ಬೇಡ ಅನ್ನಲ್ಲ. ಆದರೆ "ಅಲ್ಲಿ ಸಸ್ಯಾಹಾರಿಗಳಿಗೆ ಏನೂ ಸಿಗಲ್ಲ" ಅನ್ನುವ ಮಾತನ್ನು ನಾನು ಒಪ್ಪಲ್ಲ.

ಲೆಯ್ಪ್ಯಾಯೂಸ್ತೊ ತಿಂದು ನೋಡಿ. ಮೈಮೇಲೆ ಸುಟ್ಟ ಕಂದು ಚುಕ್ಕೆಗಳಿರುವ ಚಪ್ಪಟೆ ಚೀಸ್. ಕಚ್ಚಿದರೆ ಹಲ್ಲಿಗೆ ಸಿಕ್ಕಿ ಕೀಚ್ ಕೀಚ್ ಅನ್ನುತ್ತದೆ. ಹಿಂದೆ ಇದನ್ನು ಮಾಡುತ್ತಿದ್ದುದು ಆಗಷ್ಟೇ ಕರು ಹಾಕಿದ ಹಸುವಿನ ಹಾಲಿನಿಂದ. ಹೌದು, ಗಿಣ್ಣು ಹಾಲು!

ಅದು ಗೊತ್ತಾದಾಗ ಕಣ್ಣ ಮುಂದೆ ಬಂದದ್ದು ಅಜ್ಜಿಮನೆ ಕೊಟ್ಟಿಗೆ. ಹಸು ಕರು ಹಾಕಿದರೆ ಅಜ್ಜಿ ಮೊದಲು ಕರುವಿಗೆ ಹೊಟ್ಟೆ ತುಂಬಾ ಕುಡಿಸುತ್ತಿದ್ದರು. ಆಮೇಲೆ ನಮ್ಮ ಪಾಲು. ಆ ಹಳದಿ ಹಾಲಿಗೆ ಬೆಲ್ಲ ಕರಗಿಸಿ, ಸೋಸಿ, ಏಲಕ್ಕಿ ಗುದ್ದಿ ಹಾಕಿ, ಇಡ್ಲಿ ಪಾತ್ರೆಯಲ್ಲಿ ಬೇಯಲು ಇಡೋದು. ಮುಚ್ಚಳದ ನೀರು ತೊಟ್ಟಿಕ್ಕದಂತೆ ಮೇಲೊಂದು ಬಾಳೆಲೆ. ಅಷ್ಟರಲ್ಲಿ ತಂಬಿಗೆಯಲ್ಲಿ ಗಿಣ್ಣು ಹಾಲು ತಗೊಂಡು ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬರೋದು ನನ್ನ ಕೆಲಸ. ವಾಪಸ್ ಓಡಿ ಬಂದರೆ ಅಣ್ಣ ಆಗಲೇ ಒಲೆ ಪಕ್ಕ ತಟ್ಟೆ ಹಿಡಿದು ಕೂತಿರುತ್ತಿದ್ದ. ತಳದ ತುಂಡಿಗೇ ಜಗಳ. ಅದರಲ್ಲಿ ಬೆಲ್ಲ ಜಾಸ್ತಿ ಅಂತ ಅವನ ವಾದ.

ಇಲ್ಲಿಯವರು ಬೆಲ್ಲದ ಬದಲು ಚೀಸ್ ಮಾಡುವ ಹೆಪ್ಪು (ರೆನೆಟ್) ಹಾಕಿ, ಒತ್ತಿ, ಬೆಂಕಿಗೆ ಹಿಡಿದರು. ಒಣಗಿಸಿ ತಿಂಗಳುಗಟ್ಟಲೆ ಇಟ್ಟುಕೊಂಡರು. ಈಗ ಅಂಗಡಿಯಲ್ಲಿ ಸಿಗೋದು ಮಾಮೂಲಿ ಹಾಲಿನದ್ದು. ಹೆಪ್ಪು ಕರುವಿನ ಹೊಟ್ಟೆಯದ್ದೂ ಇರಬಹುದು, ಕಟ್ಟುನಿಟ್ಟಿನವರು ಪಾಕೆಟ್ ಓದಿ ಕೊಳ್ಳಿ. ತುಂಡು ಮಾಡಿ ಬಿಸಿ ಕಾಫಿಗೆ ಹಾಕಿ ತಿನ್ನುತ್ತಾರೆ. (ಆ ಕಾಫಿಯ ಬಗ್ಗೆ ನಾನೇನೂ ಹೇಳಲ್ಲ.) ಲಕ್ಕಾ ಹಣ್ಣಿನ ಜಾಮ್ ಜೊತೆ ಇನ್ನೂ ಚೆನ್ನ. ನಮ್ಮ 2 ಯೂರೋ ನಾಣ್ಯದ ಮೇಲಿರುವುದು ಅದೇ ಹಣ್ಣು. ಜೌಗಿನಲ್ಲಿ ಬೆಳೆಯುತ್ತದೆ, ಒಂದು ಕಡ್ಡಿಗೆ ಒಂದೇ ಹಣ್ಣು. ಅದಕ್ಕೇ ಆ ಬೆಲೆ.

ಬಾರ್ಲಿ ಹಿಟ್ಟಿನ ರಿಯೆಸ್ಕಾ ರೊಟ್ಟಿ ಬಿಸಿಯಿದ್ದಾಗಲೇ ಬೆಣ್ಣೆ ಸವರಿ ತಿನ್ನಿ. ಬೆರಳುದ್ದದ ಹಳದಿ ಪುಯಿಕುಲಾ ಆಲೂಗಡ್ಡೆ ಕಂಡರೆ ಬಿಡಬೇಡಿ. ಮಾಂಸ ತಿನ್ನುವವರಿಗೆ ಹಿಮಸಾರಂಗದ ಪೊರೊನ್‌ಕ್ಯಾರಿಸ್ತುಸ್ ಇದ್ದೇ ಇದೆ: ತೆಳ್ಳಗೆ ಹೆರೆದು ಹುರಿದ ಮಾಂಸ, ಆಲೂ ಮುದ್ದೆ, ಹುಳಿ ಲಿಂಗನ್‌ಬೆರಿ. ಸಾಲ್ಮನ್ ಸೂಪಿಗೆ ನಮ್ಮ ಸಬ್ಬಸಿಗೆ ಸೊಪ್ಪೇ ಉದುರಿಸುತ್ತಾರೆ. ಕರಾವಳಿಯವರು ಮಾತ್ರ ಖಾರ ಎಲ್ಲಿ ಅಂತ ಹುಡುಕಬೇಡಿ.

ಜಾಗ ಮುಗೀತಾ ಬಂತು. ರಜೆಯ ವಾರ ಕನ್ನಡ ತರಗತಿ ಇಲ್ಲ. ಯುಗಾದಿ ಊಟಕ್ಕೆ ಹೆಸರು ಕೊಡಿ, ವಿವರ ಕೊನೆ ಪುಟದಲ್ಲಿದೆ. ನಾಟಕದ ತಾಲೀಮು ಭಾನುವಾರ ಮಧ್ಯಾಹ್ನ, ಸಭಾಂಗಣದ ಕೀಲಿ ಖಜಾಂಚಿಗಳ ಹತ್ತಿರ. ಊರಿಂದ ಬರುವವರು ಯಾರಾದರೂ ಒಣಗಿದ ಬೇವಿನ ಹೂವು ತರಬಹುದಾ? ಒಬ್ಬಟ್ಟು ತಟ್ಟಲು ಜನ ಸಾಲದು. ಈ ಪತ್ರಿಕೆಯ ಕರಡು ತಿದ್ದಲಂತೂ ಯಾರೂ ಇಲ್ಲ, ಒಬ್ಬರಾದರೂ ಬನ್ನಿ. ರಾತ್ರಿ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಸರಿ, ಎದ್ದೇ ಇರ್ತೀನಿ.