ಎಷ್ಟು ದಿಂಬು ಎಂದು ಕೇಳಿದವರು ಒಬ್ಬರೇ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಆರೋಗ್ಯ ಪುರವಣಿಯಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆಯ ಬಗ್ಗೆ ಬಂದ ಲೇಖನವನ್ನು ಗಲ್ಲಾದ ಮೇಲೆ ಹರಡಿಕೊಂಡು ಎರಡು ಸಲ ಓದಿದೆ. ಪಕ್ಕದಲ್ಲೇ ಒಂದು ಜಾಹೀರಾತು: ಎಡಕ್ಕೆ ದಪ್ಪಗಿನ ಚಿತ್ರ, ಬಲಕ್ಕೆ ತೆಳ್ಳಗಿನ ಚಿತ್ರ, ಕೆಳಗೆ ತಿಂಗಳ ಕಂತು. ಲೇಖನವೂ ಜಾಹೀರಾತೂ ಹೇಳಿದ್ದು ಜಠರವನ್ನು ಕತ್ತರಿಸಿ ಚಿಕ್ಕದು ಮಾಡುವ ಸ್ಲೀವ್ ಒಂದನ್ನೇ. ಉಳಿದ ಬಗೆಗಳು ಲೇಖನದಲ್ಲಿ ಒಂದೇ ಸಾಲಿಗೆ ಮುಗಿದುಹೋಗಿದ್ದವು. ನಾನು ವೈದ್ಯನಲ್ಲ, ಹನುಮಂತನಗರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ದರ್ಶಿನಿ ನಡೆಸುತ್ತಿರುವವನು. ಆದರೆ ಆ ಒಂದು ಸಾಲಿನೊಳಗೆ ಐದು ತಿಂಗಳು ಒದ್ದಾಡಿದ್ದೇನೆ. ಪತ್ರ ಉದ್ದವಾದರೆ ಕತ್ತರಿಸಿ. ದಿಂಬಿನ ವಿಷಯವನ್ನು ಮಾತ್ರ ಉಳಿಸಿಕೊಳ್ಳಿ.

2022ರಲ್ಲಿ ನನಗೆ ನಲವತ್ತೇಳು ವರ್ಷ. ಎತ್ತರ 168 ಸೆಂಟಿಮೀಟರ್, ತೂಕ 118 ಕಿಲೊ, ಎತ್ತರಕ್ಕೆ ತೂಕ ಎಷ್ಟೆಂದು ಅಳೆಯುವ ಬಿಎಂಐ ಹೆಚ್ಚುಕಡಿಮೆ 42. ಸಕ್ಕರೆ ಕಾಯಿಲೆಗೆ ಒಂಬತ್ತು ವರ್ಷ, ಇನ್ಸುಲಿನ್ನಿಗೆ ಎರಡು ವರ್ಷ. ಊಟ ಕಡಿಮೆ ಮಾಡಬಾರದಿತ್ತೇ ಎಂದು ಕೇಳುವವರು ಈ ಪತ್ರ ಓದುವವರಲ್ಲೂ ಇರುತ್ತಾರೆ. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಹತ್ತು ಹನ್ನೆರಡು ಕಿಲೊ ಇಳಿಸಿ, ಬಡ್ಡಿ ಸಮೇತ ವಾಪಸು ಪಡೆದೆ. ಗಲ್ಲಾದ ಹಿಂದಿನ ಕುರ್ಚಿ ಮೂರನೆಯ ಬಾರಿ ಮುರಿದ ದಿನ ಸಪ್ಲೈ ಹುಡುಗರು ನಗು ತಡೆದುಕೊಂಡು ಅಡುಗೆಮನೆಗೆ ಓಡಿದರು. ಅಂದೇ ಸಂಜೆ ನಾನು ಮೊದಲನೆಯ ಆಸ್ಪತ್ರೆಗೆ ಹೋದೆ.

ಅಲ್ಲಿ ನನ್ನನ್ನು ಕೂರಿಸಿಕೊಂಡವರು ವೈದ್ಯರಲ್ಲ, ಲ್ಯಾಪ್‌ಟಾಪ್ ಹಿಡಿದ ಒಬ್ಬ ಹುಡುಗ. ತೂಕ, ಎತ್ತರ, ವಿಮೆ ಇದೆಯೇ, ಇಷ್ಟನ್ನು ಕೇಳಿದ. ಎಲ್ಲರೂ ಸ್ಲೀವ್ ಮಾಡಿಸುತ್ತಾರೆ ಎಂದ. ಆಮೇಲೆ ಬಂದ ಶಸ್ತ್ರವೈದ್ಯರು ಹತ್ತು ನಿಮಿಷದಲ್ಲಿ ಅದನ್ನು ವಿವರಿಸಿದರು, ಚೆನ್ನಾಗಿಯೇ ವಿವರಿಸಿದರು. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಕತ್ತರಿಸಿ ತೆಗೆಯುವ ಭಾಗದಲ್ಲೇ ಆದ್ದರಿಂದ ಹಸಿವೂ ತಗ್ಗುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲು ಮಾತ್ರ ಬರುವುದಿಲ್ಲ. ನನಗೆ ಹಿಡಿಸಿತು. ಹತ್ತು ಸಾವಿರ ಮುಂಗಡ ಕೊಟ್ಟು ಬಂದೆ. ಆ ಹಣ ಇವತ್ತಿಗೂ ವಾಪಸು ಬಂದಿಲ್ಲ, ಇರಲಿ.

ತಡೆದವಳು ಮಗಳು. ಆಗ ಅವಳು ಬಿ.ಫಾರ್ಮಾ ಎರಡನೆಯ ವರ್ಷದಲ್ಲಿದ್ದಳು. ಇನ್ನೊಬ್ಬರನ್ನು ಕೇಳದೆ ಹೊಟ್ಟೆ ಕೊಯ್ಯಿಸಿಕೊಳ್ಳುವುದು ಬೇಡ ಎಂದು ಹಟ ಹಿಡಿದಳು. ಎರಡನೆಯವರು ಮಿನಿ ಬೈಪಾಸ್ ಎಂದರು: ಜಠರವನ್ನು ಉದ್ದನೆಯ ಚೀಲವಾಗಿ ಬೇರ್ಪಡಿಸಿ, ಸಣ್ಣ ಕರುಳಿನ ಒಂದಷ್ಟು ದೂರವನ್ನು ಬಿಟ್ಟು, ಒಂದೇ ಕಡೆ ಹೊಲಿಗೆ ಹಾಕಿ ಜೋಡಿಸುವುದು. ಸಕ್ಕರೆಗೆ ಒಳ್ಳೆಯದು, ಬೇಗ ಮುಗಿಯುತ್ತದೆ ಎಂದರು. ಈಗ ನನ್ನ ಕೈಯಲ್ಲಿ ಎರಡು ಹೆಸರು. ಯಾವುದು ಒಳ್ಳೆಯದು ಎಂದು ಗಿರಾಕಿಗಳನ್ನೂ ಕೇಳತೊಡಗಿದೆ. ಹನುಮಂತನಗರದಲ್ಲಿ ಸಲಹೆಗೆ ಬರವಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ನಗರದಲ್ಲಿ ಕಿರುತೆರೆಯ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಿದ್ದರು. ನೆಂಟರೆಲ್ಲ ಫೋನ್ ಮಾಡಿ ಅದನ್ನೇ ನೆನಪಿಸಿದರು. ಅದು ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಚಿಕಿತ್ಸೆ, ಇದು ಹೊಟ್ಟೆಯದು, ಎರಡಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಸಲ ಹೇಳಿದೆನೋ.

ಮೂರನೆಯವರು ವಯಸ್ಸಾದವರು. ನನ್ನ ಫೈಲನ್ನು ತೆರೆಯದೆ ಬದಿಗಿಟ್ಟು, ಮೊದಲು ಕೇಳಿದ್ದು ಇದನ್ನು: “ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?”

ಮೂರು ಎಂದೆ. ಯಾಕೆ ಎಂದರು. ಚಪ್ಪಟೆಯಾಗಿ ಮಲಗಿದರೆ ಹುಳಿ ಗಂಟಲಿಗೆ ಬರುತ್ತದೆ ಎಂದೆ. ಎಷ್ಟು ವರ್ಷದಿಂದ? ಲೆಕ್ಕವಿಲ್ಲ. ಹೋಟೆಲಿನವರಿಗೆ ಎದೆಯುರಿ ಒಂದು ಕಾಯಿಲೆಯೇ ಅಲ್ಲ. ಗಲ್ಲಾದ ಡ್ರಾಯರಿನಲ್ಲಿ ಚಿಲ್ಲರೆಯ ಪಕ್ಕ ಈನೋ ಪೊಟ್ಟಣಗಳು ಇದ್ದೇ ಇರುತ್ತಿದ್ದವು, ಅದನ್ನು ಯಾರಿಗೂ ಹೇಳಬೇಕೆಂದು ನನಗೆ ತೋಚಿರಲಿಲ್ಲ. ಮಾರನೆಯ ದಿನವೇ ಎಂಡೋಸ್ಕೋಪಿ ಮಾಡಿಸಿದರು. ಅನ್ನನಾಳದ ಕೆಳಭಾಗದಲ್ಲಿ ಹುಣ್ಣು. ಜಠರದ ಮೇಲ್ಭಾಗ ವಪೆಯ ಸಂದಿಯಿಂದ ಎದೆಯ ಕಡೆಗೆ ಜಾರಿತ್ತು, ಅಂದರೆ ಹಯಾಟಸ್ ಹರ್ನಿಯಾ. ಮೊದಲಿನ ಎರಡೂ ಕಡೆ ಈ ಪರೀಕ್ಷೆಯ ಮಾತೇ ಬಂದಿರಲಿಲ್ಲ.

ಸ್ಲೀವ್ ನನಗೆ ಏಕೆ ಬೇಡ ಎಂದು ಅವರು ವೈದ್ಯರ ಭಾಷೆಯಲ್ಲಿ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಇಡ್ಲಿ ಹಿಟ್ಟನ್ನು ಅಗಲವಾದ ಪಾತ್ರೆಯಲ್ಲಿಟ್ಟರೆ ಉಬ್ಬಿದ ಹಿಟ್ಟಿಗೆ ಜಾಗವಿರುತ್ತದೆ. ಅದನ್ನೇ ಕಿರಿದಾದ ಉದ್ದ ಡಬ್ಬಿಗೆ ತುಂಬಿಟ್ಟರೆ ಬೆಳಿಗ್ಗೆ ಮುಚ್ಚಳ ಎತ್ತಿ ಹೊರಗೆ ಬಂದಿರುತ್ತದೆ. ಸ್ಲೀವ್ ಆದ ಹೊಟ್ಟೆ ಆ ಡಬ್ಬಿ. ಒಳಗೆ ಒತ್ತಡ ಹೆಚ್ಚು. ನನ್ನ ಮುಚ್ಚಳವಂತೂ ಆಗಲೇ ಸಡಿಲವಾಗಿತ್ತು. ಮಿನಿ ಬೈಪಾಸಿನಲ್ಲಿ ಪಿತ್ತರಸ ಆ ಚೀಲದ ಬಾಯಿಯ ಮುಂದೆಯೇ ಹರಿಯುವುದರಿಂದ ಕೆಲವರಲ್ಲಿ ಮೇಲಕ್ಕೆ ಬರಬಹುದು. ಹುಣ್ಣಾದ ಅನ್ನನಾಳಕ್ಕೆ ಅದೂ ಬೇಡ ಎಂದರು. ಉಳಿದದ್ದು ಹಳೆಯ ಬೈಪಾಸ್, ರೂ-ಎನ್-ವೈ. ರೂ ಎಂಬುದು ಸ್ವಿಟ್ಜರ್ಲೆಂಡಿನ ಒಬ್ಬ ಶಸ್ತ್ರವೈದ್ಯರ ಹೆಸರು, ವೈ ಎಂಬುದು ಕರುಳನ್ನು ಜೋಡಿಸಿದ ಮೇಲೆ ಕಾಣುವ ಆಕಾರ. ಬೊಜ್ಜಿಗೆ ಬೈಪಾಸ್ ಮಾಡುವುದು ಅಮೆರಿಕದ ಅಯೋವಾದಲ್ಲಿ 1966ರಲ್ಲೇ ಶುರುವಾಯಿತಂತೆ. ಜಠರದ ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಚೀಲ ಮಾಡುತ್ತಾರೆ, ನಮ್ಮ ಬೈಟು ಕಾಫಿಯ ಲೋಟವೂ ತುಂಬದಷ್ಟು. ಅದಕ್ಕೆ ಸಣ್ಣ ಕರುಳನ್ನು ಎಳೆದು ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಅದರ ಆಮ್ಲವೂ ಪಿತ್ತವೂ ಬಹಳ ಕೆಳಗೆ ಬಂದು ಅನ್ನವನ್ನು ಸೇರುತ್ತವೆ. ಹೀಗಾಗಿ ಮೇಲೆ ಉಕ್ಕಲು ಹುಳಿಯೇ ಕಡಿಮೆ.

ಮಗಳು ಇದನ್ನೆಲ್ಲ ಓದಿ ತಾಳೆ ನೋಡಿದಳು. 2018ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದರಲ್ಲಿ ಐದು ವರ್ಷದ ನಂತರ ಸ್ಲೀವಿನವರೂ ಬೈಪಾಸಿನವರೂ ಇಳಿಸಿದ ತೂಕದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆದರೆ ಮೊದಲಿನಿಂದ ಹುಳಿಯ ತೊಂದರೆ ಇದ್ದವರಲ್ಲಿ ಅದು ಉಲ್ಬಣಗೊಂಡದ್ದು ಸ್ಲೀವಿನವರಲ್ಲಿ ನೂರಕ್ಕೆ ಸುಮಾರು 32 ಮಂದಿಗೆ, ಬೈಪಾಸಿನವರಲ್ಲಿ 6 ಮಂದಿಗೆ. ಸಕ್ಕರೆಯ ವಿಷಯದಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 150 ಮಂದಿಯ ಮೇಲೆ ನಡೆಸಿದ ಅಧ್ಯಯನದ ಐದು ವರ್ಷದ ಫಲಿತಾಂಶ 2017ರಲ್ಲಿ ಬಂದಿತ್ತು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6 ಅಥವಾ ಅದಕ್ಕಿಂತ ಕೆಳಗೆ ಬಂದವರು ಬೈಪಾಸಿನಲ್ಲಿ ನೂರಕ್ಕೆ 29, ಸ್ಲೀವಿನಲ್ಲಿ 23, ಬರೀ ಔಷಧಿಯಲ್ಲಿ 5. ನೂರಕ್ಕೆ ನೂರು ಎಂದು ಯಾವ ಕಾಗದದಲ್ಲೂ ಇರಲಿಲ್ಲ. ಅಂಥ ಮಾತು ಇದ್ದದ್ದು ಆ ಹುಡುಗನ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಸೆಪ್ಟೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮಗನಿಗೆ ಬೈಪಾಸ್ ಆಯಿತು ಎಂದು ಅಮ್ಮ ಬೀದಿಯಲ್ಲಿ ಹೇಳಿದ್ದೇ ತಡ, ಹೃದಯದ್ದೆಂದುಕೊಂಡು ಅರ್ಧ ಬೀದಿ ಕಣ್ಣೀರು ಹಾಕುತ್ತಾ ಹಣ್ಣಿನ ಬುಟ್ಟಿಗಳೊಂದಿಗೆ ಬಂತು. ಹಣ್ಣು ತಿನ್ನುವ ಸ್ಥಿತಿಯಲ್ಲಿ ನಾನಿರಲಿಲ್ಲ, ಸಪ್ಲೈ ಹುಡುಗರು ತಿಂದರು.

ಈಗ ಒಂದು ದಿಂಬು. ತೂಕ 79ಕ್ಕೆ ಇಳಿದಿತ್ತು, ಮತ್ತೆ ಐದು ಕಿಲೊ ಏರಿ 84ರಲ್ಲಿ ನಿಂತಿದೆ. ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಉಳಿದಿದೆ. ಹಳೆಯ ಸಕ್ಕರೆ, ಇನ್ಸುಲಿನ್ ಬೇರೆ, ಪೂರ್ತಿ ಹೋಗುತ್ತದೆಂದು ಕಾಯಬೇಡಿ ಎಂದು ಆ ವೈದ್ಯರು ಮೊದಲೇ ಹೇಳಿದ್ದರು. ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಇರುವಷ್ಟು ಕಾಲವೂ ತೆಗೆದುಕೊಳ್ಳಬೇಕು. ದಿನಕ್ಕೆ 60 ಗ್ರಾಂ ಪ್ರೋಟೀನು ಸಸ್ಯಾಹಾರಿಯ ಚಿಕ್ಕ ಹೊಟ್ಟೆಗೆ ಸುಲಭದ ಮಾತಲ್ಲ. ಪನೀರು, ಹೆಸರುಕಾಳು, ಪುಡಿ ಎಂದು ಇಡೀ ದಿನ ಅದೇ ಲೆಕ್ಕ. ಇನ್ನೊಂದು ಸಂಗತಿಯನ್ನು ನಾನು ಓದಿ ತಿಳಿದಿದ್ದೆ, ನಂಬಿರಲಿಲ್ಲ. ಮರುವರ್ಷ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದಾಗ ಕಡಲೆ ಮಿಠಾಯಿ ಕೊಂಡು, ನಡೆಯುತ್ತಲೇ ಮೂರು ತುಂಡು ಬಾಯಿಗೆ ಹಾಕಿಕೊಂಡೆ. ಬ್ಯೂಗಲ್ ರಾಕ್ ಹತ್ತಿರ ಬರುವಷ್ಟರಲ್ಲಿ ಹಣೆಯಿಂದ ಬೆವರು ಇಳಿಯತೊಡಗಿತು. ಎದೆ ಹೊಡೆದುಕೊಳ್ಳುತ್ತಿತ್ತು, ಹೊಟ್ಟೆ ಹಿಂಡುತ್ತಿತ್ತು. ಆ ಜನಜಾತ್ರೆಯ ನಡುವೆ ಕಡಲೆಕಾಯಿ ರಾಶಿಯ ಪಕ್ಕ ಒಂದು ಗೋಣಿಚೀಲದ ಮೇಲೆ ಕುಳಿತುಬಿಟ್ಟೆ. ಮಾರುವ ಹೆಂಗಸು ಏನೂ ಕೇಳದೆ ನೀರಿನ ಬಾಟಲಿ ಕೊಟ್ಟಳು. ಸಕ್ಕರೆ ನೇರವಾಗಿ ಕರುಳಿಗೆ ಧುಮುಕಿದಾಗ ಆಗುವ ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಅರ್ಧ ಗಂಟೆಗೆ ಸರಿಹೋಯಿತು. ಅಂದಿನಿಂದ ನಮ್ಮ ಕೇಸರಿಬಾತಿನ ರುಚಿ ನೋಡುವ ಕೆಲಸ ಭಟ್ಟರದ್ದು.

ಹಾಗಾದರೆ ಎಲ್ಲರೂ ಬೈಪಾಸ್ ಮಾಡಿಸಿಕೊಳ್ಳಲಿ ಎನ್ನುತ್ತಿದ್ದೇನೆಯೇ? ಇಲ್ಲ. ನನ್ನ ಹೆಂಡತಿಯ ತಂಗಿ ನನ್ನನ್ನು ನೋಡಿ ಧೈರ್ಯ ತಂದುಕೊಂಡು, ನನಗಾದದ್ದೇ ಬೇಕೆಂದು ಅದೇ ವೈದ್ಯರ ಬಳಿ ಹೋದಳು. ಅವರು ಅವಳನ್ನೂ ದಿಂಬಿನ ಬಗ್ಗೆ ಕೇಳಿದರು: ಒಂದೇ. ಎಂಡೋಸ್ಕೋಪಿ ಸರಿಯಿತ್ತು, ಸಕ್ಕರೆ ಇರಲಿಲ್ಲ. ಆಮೇಲೆ ಅವಳ ಕೈಚೀಲದಲ್ಲಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಲು ಹೇಳಿದರು. ಅರ್ಧಕ್ಕರ್ಧ ಮಂಡಿನೋವಿನವು. ಆ ಬಗೆಯ ನೋವುನಿವಾರಕಗಳು ಬೈಪಾಸ್ ಆದವರಲ್ಲಿ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡುತ್ತವೆ. ಮಂಡಿ ಸವೆದಿರುವ ನಿಮಗೆ ಅವಿಲ್ಲದೆ ಆಗುವುದಿಲ್ಲ, ನಿಮಗೆ ಸ್ಲೀವ್ ಎಂದರು. ಅವಳು ಈಗ ಚೆನ್ನಾಗಿದ್ದಾಳೆ, ಪರಿಷೆಯಲ್ಲಿ ನನ್ನ ಮುಂದೆಯೇ ಬತ್ತಾಸು ತಿನ್ನುತ್ತಾಳೆ. ಒಂದೇ ಕೋಣೆ, ಅದೇ ವೈದ್ಯರು, ಎರಡು ಉತ್ತರ. ನಿಮ್ಮ ಲೇಖನದಲ್ಲಿ ನಾನು ಹುಡುಕಿದ್ದು ಇದನ್ನೇ.

ಉಳಿದವುಗಳ ಬಗ್ಗೆ ಹೆಚ್ಚು ಬರೆಯಲಾರೆ. ಜಠರಕ್ಕೆ ಪಟ್ಟಿ ಕಟ್ಟುವ ಬ್ಯಾಂಡ್ ಈಗ ಹೆಚ್ಚುಕಡಿಮೆ ಮೂಲೆ ಸೇರಿದೆ. ಸ್ಲೀವಿನ ಜೊತೆಗೆ ಸಣ್ಣ ಕರುಳಿನ ಬಹುಭಾಗವನ್ನೂ ಬಿಟ್ಟು ಜೋಡಿಸುವ ಡ್ಯುಯೊಡಿನಲ್ ಸ್ವಿಚ್ ತೂಕ ಇಳಿಸುವುದರಲ್ಲಿ ಎಲ್ಲಕ್ಕಿಂತ ಮುಂದೆ, ಪೌಷ್ಟಿಕಾಂಶ ಕೊರತೆಯಲ್ಲೂ ಮುಂದೆ; ಸಸ್ಯಾಹಾರಿಯಾದ ನನಗೆ ಅದರ ಚಿತ್ರವನ್ನೂ ಅವರು ಬರೆದು ತೋರಿಸಲಿಲ್ಲ. ಜಠರದೊಳಗೆ ಇಡುವ ಬಲೂನು ಶಸ್ತ್ರಚಿಕಿತ್ಸೆಯೇ ಅಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯುವಂಥದು. 2025ರ ಮಾರ್ಚಿನಲ್ಲಿ ತೂಕ ಇಳಿಸುವ ಮೌಂಜಾರೊ ಚುಚ್ಚುಮದ್ದು ನಮ್ಮ ದೇಶಕ್ಕೆ ಬಂದ ಮೇಲೆ ಗಿರಾಕಿಗಳು ನನ್ನನ್ನು ಕನಿಕರದಿಂದ ನೋಡುತ್ತಾರೆ, ಮೂರು ವರ್ಷ ಕಾಯಬಾರದಿತ್ತೇ ಎಂದು. ಕಾದಿದ್ದರೆ ಒಳ್ಳೆಯದಾಗುತ್ತಿತ್ತೇನೋ, ನನ್ನ ಅನ್ನನಾಳ ಕಾಯುತ್ತಿರಲಿಲ್ಲ.

ಕೊನೆಯದಾಗಿ ವಿಮೆಯ ಮಾತು, ಇದನ್ನು ನಿಮ್ಮ ಪತ್ರಿಕೆಯೇ ಎತ್ತಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ನಿಬಂಧನೆಯ ಪ್ರಕಾರ ಕಂಪನಿಗಳು ಈ ಶಸ್ತ್ರಚಿಕಿತ್ಸೆಗೆ ಹಣ ಕೊಡಬೇಕಾದರೆ ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆಗೆ ಹೃದ್ರೋಗ, ತೀವ್ರವಾದ ನಿದ್ರೆಯ ಉಸಿರುಗಟ್ಟು, ಹತೋಟಿಗೆ ಬಾರದ ಸಕ್ಕರೆ, ಇವುಗಳಲ್ಲಿ ಒಂದಿರಬೇಕು. ನಾನು 42, ನನಗೆ ಸಿಕ್ಕಿತು. ಹೆಂಡತಿಯ ತಂಗಿ 156 ಸೆಂಟಿಮೀಟರ್ ಎತ್ತರಕ್ಕೆ 92 ಕಿಲೊ ಇದ್ದಳು, ಬಿಎಂಐ ಸುಮಾರು 38. ಮೆಟ್ಟಿಲು ಹತ್ತಲಾಗದಷ್ಟು ಸವೆದ ಮಂಡಿ ಆ ಪಟ್ಟಿಯಲ್ಲಿಲ್ಲ. ಬೊಜ್ಜಿನ ಶಸ್ತ್ರವೈದ್ಯರ ಎರಡು ಸಂಘಗಳು, ಅಮೆರಿಕದ್ದೊಂದು, ಅಂತರರಾಷ್ಟ್ರೀಯದ್ದೊಂದು, 2022ರಲ್ಲೇ ಈ ಅಳತೆಯನ್ನು ಬದಲಿಸಿವೆ: 35 ದಾಟಿದರೆ ಬೇರೆ ಕಾಯಿಲೆ ಇರಲಿ ಬಿಡಲಿ ಶಿಫಾರಸು ಮಾಡಬಹುದು, ಏಷ್ಯಾದವರಿಗೆ 27.5ರಿಂದಲೇ ಸೂಚಿಸಬಹುದು ಎಂದು. ಅವಳು ಒಡವೆ ಅಡವಿಟ್ಟು ಮೂರು ಲಕ್ಷಕ್ಕೂ ಮೇಲೆ ತಾನೇ ಕಟ್ಟಿದಳು. ವಿಮೆಯವರು ಕೊಟ್ಟ ನಿರಾಕರಣೆ ಪತ್ರದ ಪ್ರತಿ ನನ್ನ ಗಲ್ಲಾದ ಡ್ರಾಯರಿನಲ್ಲಿದೆ, ಈನೋ ಇರುತ್ತಿದ್ದ ಜಾಗದಲ್ಲಿ. ನಿಮ್ಮ ವರದಿಗಾರರು ಬಂದರೆ, ಅವಳನ್ನು ಕೇಳಿ ಕೊಡುತ್ತೇನೆ. ಬೆಳಿಗ್ಗೆ ಹನ್ನೊಂದರ ಮೇಲೆ ಬರಲಿ, ಅದಕ್ಕೆ ಮೊದಲು ತಿಂಡಿಯ ಗಡಿಬಿಡಿ ಇರುತ್ತದೆ.

ದರ್ಶಿನಿ ಮಾಲೀಕ, ಹನುಮಂತನಗರ, ಬೆಂಗಳೂರು
(ಮನೆಯವರ ಕಾಯಿಲೆಯ ವಿಷಯ ಇರುವುದರಿಂದ ಹೆಸರನ್ನು ಪ್ರಕಟಿಸಬಾರದಾಗಿ ಕೋರಿಕೆ)