ಠಾಣೆಯಿಂದ ಬಂದ ಬಂದೂಕು ಎಡಕ್ಕೆ ಹೊಡೆಯುತ್ತಿತ್ತು

ಸಂಪಾದಕರೇ,

ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಜಿಲ್ಲೆಯಲ್ಲಿ ಲೈಸೆನ್ಸ್ ಇರುವ ಇಷ್ಟು ಬಂದೂಕು ಪೊಲೀಸ್ ಠಾಣೆಗೆ ಜಮಾ ಆಯಿತು ಅಂತ. ಜಮಾ ಆದ ಬಂದೂಕು ವಾಪಸ್ ಹೋಗುವಾಗ ಹೇಗಿತ್ತು ಅನ್ನುವ ಸುದ್ದಿಯನ್ನು ಮಾತ್ರ ನಾನು ಇವತ್ತಿನವರೆಗೆ ಓದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕುವುದಾದರೆ ನಡುವೆ ಎಲ್ಲಾದರೂ ಹಾಕಿ, ಕೊನೆಯ ಭಾಗ ಬಿಡಿ.

ನಾನು ಬಳ್ಳಾರಿ ಜಿಲ್ಲೆಯ ರೈತ. ಗುಡ್ಡದ ಸೆರಗಿನಲ್ಲಿ ನಾಲ್ಕು ಎಕರೆ ಇದೆ. ಮೆಕ್ಕೆಜೋಳ, ಶೇಂಗಾ ಹಾಕುತ್ತೇನೆ. ತೆನೆ ಹಾಲುಗಟ್ಟಿದ ದಿನದಿಂದ ರಾತ್ರಿ ಹಂದಿ ಕಾಯುವ ಕೆಲಸ. ಮನೆಯಲ್ಲಿ ತಾತನ ಕಾಲದ ಒಂದು ಬಂದೂಕು ಇದೆ. ಒಂಟಿ ನಳಿಗೆ, ಬಾಯಿಯಿಂದ ಮದ್ದು ತುಂಬಿ ಗಜ ಅನ್ನುವ ಉದ್ದ ಕಡ್ಡಿ ಹಾಕಿ ಕುಟ್ಟಿ, ಕೇಪು (ಬಡಿದರೆ ಕಿಡಿ ಹಾರಿಸುವ ಪುಟ್ಟ ಟೋಪಿ) ಇಟ್ಟು ಹೊಡೆಯುವಂಥದ್ದು. ಲೈಸೆನ್ಸ್ ಬೆಳೆ ರಕ್ಷಣೆಗೆ ಅಂತಲೇ ಇದೆ. 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ಕಾಯುವವನಿಗೆ ಬಾಯಿಯಿಂದ ತುಂಬುವ ಬಂದೂಕು ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಅದು ಸಾಲದು ಅಂತ ಅಧಿಕಾರಿಗೆ ಅನ್ನಿಸಿದರೆ ಮಾತ್ರ ಬೇರೆ ಬಂದೂಕು. ಅಂದರೆ ನಮ್ಮದು ಶೋಕಿಗೆ ಇಟ್ಟುಕೊಂಡ ಸಾಮಾನಲ್ಲ, ಕುಂಟೆ ಕೂರಿಗೆಯ ಜೊತೆ ಸೇರುವ ಸಾಮಾನು.

2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು. ನಮ್ಮ ಕಡೆ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಎರಡೂವರೆ ತಿಂಗಳಿಗೂ ಜಾಸ್ತಿ ಬಂದೂಕು ಠಾಣೆಯಲ್ಲಿತ್ತು. ಯಾವ ಠಾಣೆ ಅಂತ ಬರೆಯುವುದಿಲ್ಲ, ಅಲ್ಲಿಯವರು ಕೆಟ್ಟವರೇನಲ್ಲ, ಚಹಾ ಕೊಟ್ಟೇ ಮಾತಾಡಿಸಿದರು. ಆದರೆ ಬಂದೂಕು ಇಟ್ಟ ಕೋಣೆ ನೋಡಿ ನನಗೆ ಕಬ್ಬು ಕಡಿದು ಒಟ್ಟಿದ ಹಾಗೆ ಅನ್ನಿಸಿತು. ಮೂಲೆಯಲ್ಲಿ ಒಂದರ ಮೇಲೊಂದು ಒರಗಿಸಿದ್ದರು. ಅದರ ಮೇಲೆ ಹಳೆಯ ಕಬ್ಬಿಣದ ಟ್ರಂಕು ಒಂದು ಕಡೆ ಭಾರ ಹಾಕಿ ನಿಂತಿತ್ತು. ನನ್ನದು ಕೆಳಗಿನಿಂದ ಎರಡನೆಯದು.

ಮನೆಗೆ ತಂದಾಗ ಏನೂ ಗೊತ್ತಾಗಲಿಲ್ಲ. ಶ್ರಾವಣದ ಹೊತ್ತಿಗೆ, ಹಂದಿ ಬರುವ ಮೊದಲೇ ಒಂದು ಸಲ ನೋಡೋಣ ಅಂತ ಹೊಲದ ಬದುವಿನ ಎತ್ತರದ ಮಣ್ಣಿನ ದಿಬ್ಬಕ್ಕೆ ಗೋಣಿ ಚೀಲ ಕಟ್ಟಿ, ಮಧ್ಯ ಸುಣ್ಣದ ಬೊಟ್ಟು ಇಟ್ಟು, 30 ಮೀಟರ್ ದೂರದಿಂದ ಬಟ್ಟೆ ಸುತ್ತಿದ ಗುಂಡು ಹಾಕಿ ಐದು ಸಲ ಹೊಡೆದೆ. ಐದೂ ಒಂದು ಅಂಗೈ ಅಗಲದೊಳಗೆ ಬಿದ್ದವು. ಆದರೆ ಆ ಅಂಗೈ ಬೊಟ್ಟಿನಿಂದ ಅರ್ಧ ಗೇಣು ಎಡಕ್ಕಿತ್ತು. ಮೊದಲು ನನ್ನ ಕಣ್ಣೇ ಮಂಜಾಯಿತೇನೋ ಅಂದುಕೊಂಡೆ. ಮಗನ ಕೈಯಲ್ಲಿ ಹಿಡಿಸಲು ಬರುವುದಿಲ್ಲ, ಲೈಸೆನ್ಸ್ ನನ್ನ ಹೆಸರಲ್ಲಿದೆ. ಬಂದೂಕನ್ನು ಮೂಟೆಗಳ ಮೇಲೆ ಅಲುಗಾಡದ ಹಾಗೆ ಇಟ್ಟು ಮತ್ತೆ ಹೊಡೆದೆ. ಮತ್ತೆ ಎಡಕ್ಕೇ.

ಇಲ್ಲಿ ಕೆಲವರು ಕೇಳಬಹುದು. ಕಾಡುಹಂದಿ ಕೊಲ್ಲಲು 1972ರ ವನ್ಯಜೀವಿ ಕಾಯ್ದೆ ಅಡ್ಡ ಇದೆ, ನೀವು ಹೊಡೆಯುವುದು ಹೆದರಿಸೋಕೆ, ಗುರಿ ಅರ್ಧ ಗೇಣು ಆ ಕಡೆ ಈ ಕಡೆ ಆದರೆ ಏನಂತೆ? ನಿಜ, ಹೆಚ್ಚಿನ ರಾತ್ರಿ ನಾನು ಬರೀ ಮದ್ದು ಹಾಕಿ ಸದ್ದು ಮಾಡುವುದಷ್ಟೇ. ಆದರೆ ನನ್ನ ಚಿಂತೆ ಬೇರೆ. ಕೊಟ್ಟಾಗ ನೆಟ್ಟಗಿದ್ದ ನಳಿಗೆ ಬಗ್ಗಿದೆ ಅಂದರೆ ಬಗ್ಗುವಾಗ ಎಲ್ಲಾದರೂ ಬಿರುಕು ಬಿಟ್ಟಿರಬಹುದು ಅಲ್ವಾ? ಮುಖದಿಂದ ಒಂದು ಗೇಣು ದೂರದಲ್ಲಿ ಮದ್ದು ಸಿಡಿಯುತ್ತದೆ. ನಳಿಗೆ ಸೀಳಿದರೆ ಕೆನ್ನೆ ನನ್ನದು.

ಊರಲ್ಲಿ ಕುಲುಮೆ ಇದೆ. ಅಲ್ಲಿಗೆ ಒಯ್ಯಲು ಮನಸ್ಸಾಗಿತ್ತು, ಸುಳ್ಳು ಹೇಳುವುದಿಲ್ಲ. ಹಿಂದಿನವರು ಇಂಥ ನಳಿಗೆಯನ್ನು ಹುಣಸೆ ಮರದ ಕವಲಿಗೆ ಸಿಕ್ಕಿಸಿ ಜಗ್ಗಿ ನೆಟ್ಟಗೆ ಮಾಡುತ್ತಿದ್ದರು ಅಂತ ತಾತ ಹೇಳುತ್ತಿದ್ದ. ಆದರೆ ಅದೇ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. ಕುಲುಮೆಯವನು ಪಾಪ, ನನ್ನಿಂದಾಗಿ ಕೋರ್ಟಿಗೆ ಅಲೆಯುವುದು ಬೇಡ. ಲೈಸೆನ್ಸ್ ಜೇಬಲ್ಲಿಟ್ಟು, ಬಂದೂಕು ಖಾಲಿ ಮಾಡಿ ಚೀಲದೊಳಗೆ ಹಾಕಿ, ಬಸ್ಸಲ್ಲಿ ಬೇಡ ಅಂತ ಗೆಳೆಯನ ಜೀಪಲ್ಲಿ ಬಳ್ಳಾರಿಗೆ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಹೋದೆ.

ಕೋಟೆ ಗುಡ್ಡ ಕಂಡಾಗ ಗೆಳೆಯ ಆ ಹಳೆಯ ಕತೆ ತೆಗೆದ. ಹೈದರಾಲಿ ಫ್ರೆಂಚ್ ಎಂಜಿನಿಯರ್ ಕೈಯಲ್ಲಿ ಕೋಟೆ ಕಟ್ಟಿಸಿದ, ಆಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ, ಅಲ್ಲಿಂದ ಗುಂಡು ಹೊಡೆಯಬಹುದು ಅಂತ ಗೊತ್ತಾಗಿ ಎಂಜಿನಿಯರನ್ನು ಬಾಗಿಲಲ್ಲೇ ನೇಣು ಹಾಕಿದ ಅಂತ ಜನ ಹೇಳುತ್ತಾರಲ್ಲ, ಅದು. ನಮ್ಮ ಠಾಣೆಯವರ ಅದೃಷ್ಟ, ಕಾಲ ಬದಲಾಗಿದೆ ಅಂದೆ.

ರಿಪೇರಿಯವರು ವಯಸ್ಸಾದವರು. ಮೊದಲು ಮಾಡಿದ್ದು ನಾನು ಎಂದೂ ಮರೆಯದ ಕೆಲಸ. ಖಾಲಿ ಇದೆ ಅಂತ ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗಜವನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಹತ್ತಿರ ಹೆಬ್ಬೆರಳು ಒತ್ತಿ ಹಿಡಿದು ಹೊರಗೆ ತೆಗೆದು, ನಳಿಗೆಯ ಹೊರಮೈಗೆ ಇಟ್ಟು ನೋಡಿದರು. ಗಜದ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕು. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಮದ್ದೋ ಗುಂಡೋ ಕೂತಿದೆ ಅಂತ ಲೆಕ್ಕ. "ಅಟ್ಟದ ಮ್ಯಾಲಿನ ಬಂದೂಕ ಖಾಲಿ ಅಂತ ನಂಬಬ್ಯಾಡ್ರಿ, ಎಷ್ಟೋ ಮನೀನಾಗ ತುಂಬಿದ್ದ ಹಂಗ ಇರ್ತಾವ" ಅಂದರು. ಮನೆಯಲ್ಲಿ ಹಳೆಯ ಬಂದೂಕು ಇರುವವರು ಈ ಒಂದು ಸಾಲನ್ನಾದರೂ ಕತ್ತರಿಸಿ ಇಟ್ಟುಕೊಳ್ಳಿ.

ನಳಿಗೆಯ ಬುಡದ ತಿರುಪು ತುಕ್ಕು ಹಿಡಿದು ಕೂತಿತ್ತು. ಅದು ಬಿಚ್ಚದೆ ಒಳಗೆ ನೋಡುವ ಹಾಗಿಲ್ಲ, ಈ ಜಾತಿಯ ಬಂದೂಕು ಒಂದು ಕಡೆ ಮುಚ್ಚಿದ ಕೊಳವೆ. ಸೀಮೆಎಣ್ಣೆಯಲ್ಲಿ ನೆನೆಹಾಕಿ ಎರಡು ದಿನ ಬಿಟ್ಟು ಬನ್ನಿ ಅಂದರು. ಮತ್ತೆ ಹೋದಾಗ ತಿರುಪು ಬಿಚ್ಚಿ, ಒಳಗೆ ಬಟ್ಟೆ ಎಳೆದು ಫಳಫಳ ಮಾಡಿಟ್ಟಿದ್ದರು. ನಳಿಗೆಯನ್ನು ದಾರದಲ್ಲಿ ನೇತುಹಾಕಿ ಕಟ್ಟಿಗೆಯಿಂದ ಮೆಲ್ಲಗೆ ಬಡಿದರು. ಟಣ್ ಅಂತ ಗಂಟೆ ಹಾಗೆ ಉಲಿಯಿತು. ಡಬ್ ಅಂದಿದ್ದರೆ ಇಲ್ಲಿಗೇ ಮುಗಿಯಿತು ಅಂತಿದ್ದೆ ಅಂದರು. ಎದೆ ಮೇಲಿನ ಕಲ್ಲು ಇಳಿಯಿತು.

ಆಮೇಲೆ ಕಿಟಕಿಗೆ ಒಂದು ಕಪ್ಪು ದಾರ ಅಡ್ಡ ಕಟ್ಟಿ ನಳಿಗೆಯೊಳಗಿಂದ ನೀವೇ ನೋಡಿ ಅಂತ ನನಗೆ ಹೇಳಿದರು. ಒಳಗೋಡೆಯ ಹೊಳಪಿನ ಮೇಲೆ ದಾರದ ನೆರಳು ಒಂದು ಗೆರೆಯಾಗಿ ಬೀಳುತ್ತದೆ. ನಳಿಗೆ ನೆಟ್ಟಗಿದ್ದರೆ ಗೆರೆ ನೆಟ್ಟಗೆ. ನನ್ನದರಲ್ಲಿ ಅರ್ಧದವರೆಗೆ ನೆಟ್ಟಗೆ ಬಂದ ಗೆರೆ ಅಲ್ಲಿಂದ ಹಾವಿನ ಬಾಲದ ಹಾಗೆ ಪಕ್ಕಕ್ಕೆ ಹೊರಳಿತ್ತು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ನಾನು ಇಷ್ಟು ವರ್ಷ ಬಂದೂಕು ಹಿಡಿದಿದ್ದೇನೆ, ಹೀಗೆ ನೋಡಬಹುದು ಅಂತ ಗೊತ್ತಿರಲಿಲ್ಲ.

ನಾನು ಕೇಳಿದೆ, ಬಗ್ಗಿಸುವ ಬದಲು ಮುಂದಿನ ಗುರಿಮಣಿ, ಅಂದರೆ ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಮಣಿ, ಸರಿಸಬಾರದೇ? ಕೆಲವು ಬಂದೂಕಲ್ಲಿ ಆಗುತ್ತದಂತೆ. ಗುಂಡು ಎಡಕ್ಕೆ ಹೋದರೆ ಮುಂದಿನ ಮಣಿಯನ್ನೂ ಎಡಕ್ಕೇ ಸರಿಸಬೇಕು, ಕಣ್ಣಿನ ಕಡೆ ಇರುವ ಹಿಂದಿನ ಗುರಿಗಂಡಿಯನ್ನಾದರೆ ಬಲಕ್ಕೆ. ಗುಂಡು ಕೆಳಗೆ ಬೀಳುತ್ತಿದ್ದರೆ ಮಣಿಯ ನೆತ್ತಿಯನ್ನು ಅರದಿಂದ ಉಜ್ಜಿದರೆ ಸಾಕು, ಗುಂಡು ಮೇಲೇರುತ್ತದೆ. ಆದರೆ ನನ್ನ ಬಂದೂಕಿನ ಮಣಿ ಹಿತ್ತಾಳೆಯಲ್ಲಿ ಬೆಸೆದದ್ದು, ಪಕ್ಕಕ್ಕೆ ಅಲ್ಲಾಡುವುದಿಲ್ಲ. ಅಲ್ಲದೆ ಬಗ್ಗಿದ್ದು ನಳಿಗೆ, ಶಿಕ್ಷೆ ಮಣಿಗೆ ಯಾಕೆ ಅಂದರು.

ಬಗ್ಗಿಸುವುದು ಎಷ್ಟು? ಇದನ್ನು ನಾನು ಮನೆಗೆ ಬಂದು ಮಗನ ಜೊತೆ ಕೂತು ಲೆಕ್ಕ ಹಾಕಿದೆ. ನಳಿಗೆ ಹೆಚ್ಚುಕಡಿಮೆ ಒಂದು ಮೀಟರ್. 30 ಮೀಟರಿನಲ್ಲಿ ಗುಂಡು 12 ಸೆಂಟಿಮೀಟರ್ ಬಲಕ್ಕೆ ಬರಬೇಕು. ನಳಿಗೆಯನ್ನು ನಟ್ಟನಡುವೆ ಬಗ್ಗಿಸಿದರೆ ಮೂತಿ ಸರಿಯಬೇಕಾದದ್ದು ಬರೀ 4 ಮಿಲಿಮೀಟರ್. ಮೂತಿಯಿಂದ ಒಂದು ಗೇಣು ಚಿಲ್ಲರೆ, ಅಂದರೆ 25 ಸೆಂಟಿಮೀಟರ್ ಒಳಗೆ ಬಗ್ಗಿಸಿದರೆ 1.3 ಮಿಲಿಮೀಟರ್ ಸಾಕು. ಯಾಕೆ ಹೀಗೆ? ಮಣಿ ಕೂತಿರುವುದೂ ಮೂತಿಯ ಮೇಲೇ. ಮೂತಿ ಬಲಕ್ಕೆ ಹೋದರೆ ಮಣಿಯೂ ಹೋಗುತ್ತದೆ, ಕಣ್ಣಿನ ನೇರವೂ ಅದರ ಹಿಂದೆ ಸ್ವಲ್ಪ ತಿರುಗುತ್ತದೆ, ಬಗ್ಗಿಸಿದ್ದರಲ್ಲಿ ಒಂದಷ್ಟು ಅಲ್ಲೇ ತಿಂದು ಹೋಗುತ್ತದೆ. ಬುಡಕ್ಕೆ ಹತ್ತಿರ ಬಗ್ಗಿಸಿದಷ್ಟೂ ತಿನ್ನುವುದು ಜಾಸ್ತಿ. ತೀರಾ ಬುಡದಲ್ಲೇ ಬಗ್ಗಿಸಿದರೆ ಗುರಿ ಇದ್ದಲ್ಲೇ ಇರುತ್ತದೆ, ಸುಮ್ನೆ ಕಬ್ಬಿಣ ಹಾಳು.

ಬಗ್ಗಿಸುವ ಯಂತ್ರ ಅಂದರೆ ದೊಡ್ಡದೇನಲ್ಲ. ತೊಗಲು ಸುತ್ತಿದ ಎರಡು ಮರದ ದಿಂಡು ಒಂದು ಕಡೆ, ಅವುಗಳ ನಡುವೆ ಎದುರಿನಿಂದ ಒತ್ತುವ ಇನ್ನೊಂದು ದಿಂಡು, ಅದಕ್ಕೆ ತಿರುಪು. ಬೆಂಕಿ ಮುಟ್ಟಿಸಲಿಲ್ಲ. ಬಿಸಿ ಮಾಡಿದರೆ ಕಬ್ಬಿಣ ಮೆತ್ತಗಾಗುತ್ತದೆ, ಮಣಿಯ ಬೆಸುಗೆಯೂ ಬಿಡುತ್ತದೆ. ತಿರುಪು ಹಾಕುವುದು, ಬಿಡುವುದು, ದಾರದ ನೆರಳು ನೋಡುವುದು. ಮೊದಲ ಮೂರು ಸಲ ನಳಿಗೆ ಬಿದಿರಿನ ಹಾಗೆ ಬಗ್ಗಿ, ಬಿಟ್ಟ ತಕ್ಷಣ ಇದ್ದಲ್ಲಿಗೇ ಬಂತು. ಎಷ್ಟು ಬೇಕೋ ಅದಕ್ಕಿಂತ ಸುಮಾರು ಜಾಸ್ತಿ ಒತ್ತಿದರೆ ಮಾತ್ರ ಒಂದು ಕೂದಲೆಳೆ ಅಲ್ಲೇ ನಿಲ್ಲುತ್ತದೆ. ನಾಲ್ಕನೆಯ ಸಲ ನಿಂತಿತು. ಏಳನೆಯ ಸಲ ಸ್ವಲ್ಪ ಬಲಕ್ಕೇ ಹೋಯಿತು, ಮತ್ತೆ ತಿರುಗಿಸಿ ಹಾಕಿದರು. ಅಷ್ಟೂ ಹೊತ್ತು ಅವರು ಮಾತಾಡಲಿಲ್ಲ. ಕೆಲಸಕ್ಕೆ ತೆಗೆದುಕೊಂಡದ್ದು ನನ್ನ ಎರಡು ದಿನದ ಕೂಲಿಯಷ್ಟು, ನನಗೆ ಕಡಿಮೆ ಅನ್ನಿಸಿತು. ಹೊರಡುವಾಗ ಇನ್ನೊಂದು ಮಾತು ಹೇಳಿದರು. ಈಗಿನ ಬಂದೂಕಿನ ತೋಟಾ ಒಡೆದು ಅದರ ಮದ್ದು ತೆಗೆದು ಇಂಥ ಬಂದೂಕಿಗೆ ತುಂಬುವವರಿದ್ದಾರೆ, ಅದು ನಾವು ತುಂಬುವ ಕರಿಮದ್ದಲ್ಲ, ಅದರ ಒತ್ತಡ ಈ ನಳಿಗೆ ತಡೆಯುವುದಿಲ್ಲ, ಸೀಳಿಬಿಡುತ್ತದೆ ಅಂತ.

ಈಗ ಬಂದ ವಿಷಯಕ್ಕೆ ಬರುತ್ತೇನೆ. ನನಗೆ ಪರಿಹಾರ ಬೇಡ. ಟ್ರಂಕಿನ ಭಾರಕ್ಕೇ ಬಗ್ಗಿತೋ, ಸಾಗಿಸುವಾಗ ಯಾರಾದರೂ ಬೀಳಿಸಿದರೋ, ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ. ರಸೀದಿಯಲ್ಲಿ "ಬಂದೂಕು 1" ಅಂತ ಮಾತ್ರ ಇದೆ. ಅದೇ ನನ್ನ ತಕರಾರು. ಬ್ಯಾಂಕಿನಲ್ಲಿ ಬಂಗಾರ ಅಡ ಇಟ್ಟರೆ ತೂಕ, ಹರಳು, ಮುರಿದ ಕೊಂಡಿ ಎಲ್ಲಾ ಬರೆಯುತ್ತಾರೆ. ಇಲ್ಲಿ ಕೊಡುವಾಗ ನಳಿಗೆ, ಕೇಪಿಗೆ ಬಡಿಯುವ ಕುದುರೆ, ಹಿಡಿ ಹೇಗಿದೆ ಅಂತ ಎರಡು ಸಾಲು ಬರೆದು ಇಬ್ಬರೂ ಸಹಿ ಹಾಕಿದರೆ ಎಷ್ಟು ಹೊತ್ತು ಹಿಡಿಯುತ್ತದೆ? ಫೋನಲ್ಲಿ ಒಂದು ಫೋಟೋ ತೆಗೆದರೂ ಆಯಿತು. ಇನ್ನು ಇಡುವುದಕ್ಕೆ ಕಬ್ಬಿಣದ ಬೀರು ಬೇಕಾಗಿಲ್ಲ. ಕಚ್ಚು ಹಾಕಿದ ಹಲಗೆ ಗೋಡೆಗೆ ಹೊಡೆದು ಬಂದೂಕುಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿದರೆ ಸಾಕು, ಯಾವ ಊರಿನ ಬಡಗಿಯಾದರೂ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ.

ಹಾಗೆ ನೋಡಿದರೆ ಚುನಾವಣೆ ಬಂತು ಅಂತ ಎಲ್ಲರ ಬಂದೂಕನ್ನೂ ಕಣ್ಣುಮುಚ್ಚಿ ತರಿಸಬೇಕಾಗಿಲ್ಲ. ಯಾರದನ್ನು ಇಡಿಸಿಕೊಳ್ಳಬೇಕು ಅಂತ ನೋಡಲು ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರುತ್ತದೆ. ಬೆಳೆ ಕಾಯುವ, ಯಾವ ಕೇಸೂ ಇಲ್ಲದ ರೈತನನ್ನು ಅವರು ಬೇರೆಯಾಗಿ ನೋಡಬಹುದು. ನೋಡದಿದ್ದರೂ ನಾನು ತಕರಾರು ಮಾಡುವುದಿಲ್ಲ, ಕಾನೂನು ಕರೆದರೆ ಕೊಟ್ಟು ಬರುತ್ತೇನೆ.

ನಳಿಗೆ ಈಗ ಬೊಟ್ಟಿನ ಮೇಲೇ ಹೊಡೆಯುತ್ತಿದೆ. ಮುಂದಿನ ಸಲ ಜಮಾ ಮಾಡಲು ಹೋಗುವಾಗ ಬಂದೂಕಿನ ಜೊತೆ ಕಚ್ಚು ಹಾಕಿದ ಎರಡು ಹಲಗೆ, ಒಂದು ಹಳೆಯ ಕಂಬಳಿ ನಾನೇ ಒಯ್ಯುತ್ತೇನೆ. ಒಳಗೆ ಇಡಲು ಬಿಟ್ಟರೆ ಸರಿ. ಬಿಡದಿದ್ದರೆ ಆ ಟ್ರಂಕನ್ನಾದರೂ ನನ್ನ ಕೈಯಾರೆ ಪಕ್ಕಕ್ಕೆ ಸರಿಸಿ ಬರುತ್ತೇನೆ.

ಒಬ್ಬ ರೈತ
ಬಳ್ಳಾರಿ ಜಿಲ್ಲೆ