‘ಕುರಿತು ಬರೆಯಿರಿ’ ಎಂದರೆ ಸಾಲದು

ಮಾನ್ಯ ಸಂಪಾದಕರೇ,

ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಮಕ್ಕಳ ಪ್ರಬಂಧಗಳನ್ನು ತಿದ್ದುವವರಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಅಕ್ಷರ ದುಂಡಗಿರುತ್ತದೆ, ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಮೂರೂ ಶಿಸ್ತಾಗಿರುತ್ತವೆ. ಆದರೆ ಎರಡು ಪುಟ ಓದಿ ಮುಗಿಸಿದ ಮೇಲೂ ಬರೆದ ಮಗುವಿನ ಅಭಿಪ್ರಾಯ ಏನೆಂಬುದು ಮಾತ್ರ ತಿಳಿಯುವುದಿಲ್ಲ. ಇದರಲ್ಲಿ ಮಕ್ಕಳ ತಪ್ಪು ಕಡಿಮೆ. ಇಡೀ ಪ್ರಬಂಧ ಯಾವುದನ್ನು ಸಾಧಿಸಲು ಹೊರಟಿದೆ ಎಂಬುದನ್ನು ಪೀಠಿಕೆಯಲ್ಲಿಯೇ ಒಂದು ವಾಕ್ಯದಲ್ಲಿ ಹೇಳುವುದನ್ನು, ಅಂದರೆ ನಿಲುವಿನ ವಾಕ್ಯ ಬರೆಯುವುದನ್ನು, ನಾವು ಅವರಿಗೆ ಒಂದು ಪಾಠವಾಗಿ ಕಲಿಸಿಯೇ ಇಲ್ಲ.

ಕಲಿಸದಿದ್ದಾಗ ಆ ಜಾಗದಲ್ಲಿ ಬೇರೇನೋ ಬಂದು ಕೂರುತ್ತದೆ. ‘ಈ ಪ್ರಬಂಧದಲ್ಲಿ ನಾನು ಹೋಂವರ್ಕ್ ಬಗ್ಗೆ ತಿಳಿಸುತ್ತೇನೆ’ ಎಂಬುದು ಬರಿಯ ಪ್ರಕಟಣೆ. ‘ಶಾಲೆಗಳಲ್ಲಿ ಹೋಂವರ್ಕ್ ಕೊಡುತ್ತಾರೆ’ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇವೆರಡನ್ನೂ ಯಾರೂ ಅಲ್ಲಗಳೆಯಲಾರರು. ಅಲ್ಲಗಳೆಯಲು ಸಾಧ್ಯವೇ ಇಲ್ಲದ ಮಾತಿಗೆ ಪುಟಗಟ್ಟಲೆ ಸಮರ್ಥನೆಯ ಅಗತ್ಯವೂ ಇರುವುದಿಲ್ಲ.

ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಇದನ್ನು ವ್ಯಾಖ್ಯಾನದ ಮೂಲಕ ಕಲಿಸುವುದಕ್ಕಿಂತ ಪ್ರಶ್ನೆಗಳ ಮೂಲಕ ಕಲಿಸುವುದು ಸುಲಭ. ಒಂದು ಮಗು ‘ಹೋಂವರ್ಕ್ ವಿದ್ಯಾರ್ಥಿ ಜೀವನದ ಅವಿಭಾಜ್ಯ ಅಂಗವಾಗಿದೆ’ ಎಂದು ಬರೆಯಿತು ಎನ್ನೋಣ. (ಈ ‘ಅವಿಭಾಜ್ಯ ಅಂಗ’ ಯಾವ ವಿಷಯ ಕೊಟ್ಟರೂ ಹಾಜರಾಗುತ್ತದೆ.) ‘ಹಾಗಾದರೆ ಕೊಡಬೇಕೋ, ಬೇಡವೋ?’ ಎಂದು ಕೇಳಿದರೆ ‘ಕಡಿಮೆ ಮಾಡಬೇಕು’ ಎನ್ನುತ್ತದೆ. ಯಾವುದನ್ನು, ಏಕೆ ಎಂದು ಮತ್ತೆ ಕೇಳಿದಾಗ, ‘ತರಗತಿಯಲ್ಲಿ ಬರೆದದ್ದನ್ನೇ ಮನೆಯಲ್ಲಿ ಮತ್ತೆ ನಕಲು ಮಾಡಿಸುವುದನ್ನು ನಿಲ್ಲಿಸಬೇಕು, ಏಕೆಂದರೆ ಅದರಿಂದ ಕೈ ನೋಯುತ್ತದೆಯೇ ಹೊರತು ಹೊಸದೇನೂ ತಲೆಗೆ ಹೋಗುವುದಿಲ್ಲ’ ಎಂಬ ವಾಕ್ಯ ಹೊರಬರುತ್ತದೆ. ಆಗ ಪಕ್ಕದ ಬೆಂಚಿನ ಮಗು, ನಕಲು ಮಾಡಿದರೆ ಕಾಗುಣಿತವಾದರೂ ಸರಿಹೋಗುತ್ತದಲ್ಲ ಎಂದು ತಕರಾರು ತೆಗೆದರೆ ಇನ್ನೂ ಒಳ್ಳೆಯದು. ‘ಕಾಗುಣಿತ ಸುಧಾರಿಸಬಹುದಾದರೂ’ ಎಂಬ ಮಾತು ಸೇರಿಕೊಂಡು, ಎದುರು ಪಕ್ಷಕ್ಕೂ ಲೆಕ್ಕ ಕೊಡುವ ವಾಕ್ಯ ಸಿದ್ಧವಾಗುತ್ತದೆ. ಅಲ್ಲಿಂದ ಮುಂದೆ ಯಾವ ಪ್ಯಾರಾ ಬೇಕು, ಯಾವುದು ಬೇಡ ಎಂಬುದನ್ನು ಆ ವಾಕ್ಯವೇ ತೀರ್ಮಾನಿಸುತ್ತದೆ. ‘ವಿದ್ಯೆಯ ಮಹತ್ವ’ ಕುರಿತ ಕಂಠಪಾಠದ ಸಾಲುಗಳು ತಾವಾಗಿಯೇ ಉದುರಿಹೋಗುತ್ತವೆ.

ಇದನ್ನೂ ಒಂದು ಸಿದ್ಧಸೂತ್ರವನ್ನಾಗಿ ಮಾಡಿಬಿಡುವ ಅಪಾಯವಿದೆ. ಪ್ರತಿ ನಿಲುವಿಗೂ ಮೂರೇ ಕಾರಣಗಳಿರಬೇಕೆಂದು ಕಟ್ಟಳೆ ಮಾಡಿದರೆ, ಎರಡು ಕಾರಣಗಳಿರುವ ಮಗು ಮೂರನೆಯದನ್ನು ಸುಮ್ಮನೆ ಹುಟ್ಟಿಸುತ್ತದೆ. ಬರೆಯುತ್ತ ಹೋದಂತೆ ನಿಲುವೇ ಬದಲಾಗುವುದೂ ಸಹಜವಾದ್ದರಿಂದ, ಕರಡು ಮುಗಿದ ಮೇಲೆ ಆ ಮೊದಲ ವಾಕ್ಯಕ್ಕೆ ಮರಳಿ ಅದನ್ನು ತಿದ್ದಲು ಮಕ್ಕಳಿಗೆ ತರಗತಿಯಲ್ಲಿಯೇ ಸಮಯ ಕೊಡಬೇಕು.

ಆದರೆ ಪ್ರಶ್ನೆಪತ್ರಿಕೆ ಹಳೆಯ ಜಾಡಿನಲ್ಲಿಯೇ ಇದ್ದರೆ ಶಿಕ್ಷಕರ ಈ ಶ್ರಮವೆಲ್ಲ ವ್ಯರ್ಥ. ‘ಗ್ರಂಥಾಲಯದ ಮಹತ್ವದ ಕುರಿತು ಪ್ರಬಂಧ ಬರೆಯಿರಿ’ ಎಂಬ ಪ್ರಶ್ನೆ ತೀರ್ಮಾನವನ್ನು ತಾನೇ ಹೇಳಿಬಿಟ್ಟಿರುತ್ತದೆ. ಮಗುವಿಗೆ ಉಳಿಯುವುದು ಅದನ್ನು ಹಿಗ್ಗಿಸುವ ಕೆಲಸ ಮಾತ್ರ. ‘ಶಾಲಾ ಗ್ರಂಥಾಲಯದಲ್ಲಿ ಕಥೆಪುಸ್ತಕಗಳು ಹೆಚ್ಚಿರಬೇಕೇ, ಪಠ್ಯಕ್ಕೆ ಪೂರಕವಾದ ಪುಸ್ತಕಗಳೇ?’ ಎಂದು ಕೇಳಿದರೆ ಮಗು ಒಂದು ಕಡೆ ನಿಲ್ಲಲೇಬೇಕಾಗುತ್ತದೆ. ಪುಟದ ಲೆಕ್ಕಕ್ಕೂ ಗಾದೆಮಾತುಗಳಿಗೂ ಕೊಡುವ ಅಂಕಗಳಲ್ಲಿ ಒಂದು ಪಾಲನ್ನು ನಿಲುವಿನ ಸ್ಪಷ್ಟತೆಗೆ ಮೀಸಲಿಡಬೇಕು. ಮೌಲ್ಯಮಾಪಕರು ಒಪ್ಪದ ನಿಲುವನ್ನು ತಳೆದ ಮಗುವಿಗೂ, ಕಾರಣಗಳು ಸರಿಯಿದ್ದಲ್ಲಿ, ಪೂರ್ಣ ಅಂಕ ಸಿಗಬೇಕೆಂಬ ಲಿಖಿತ ಸೂಚನೆಯೂ ಅದರ ಜೊತೆಗಿರಬೇಕು.

ಇತಿ,
ಓರ್ವ ಭಾಷಾ ಶಿಕ್ಷಕಿ